ಸೋತೋನು ಹತ್ತೂವರೆಗೇ ಮನೆಗೆ ಹೋಗ್ಬೇಕಾ? ನಾಕೌಟ್ ಚೆಸ್ ಮೇಲೆ ನನ್ನ ಜಗಳ

1/8

ಮೊದಲನೇ ಫೋಟೋ ನೋಡಿ. ಗೋಡೆ ಮೇಲೆ ಅಂಟಿಸಿರೋ ಚಾರ್ಟು. ಎಡಗಡೆ 32 ಹೆಸರು (ಬ್ಲರ್ ಮಾಡಿದೀನಿ), ಬಲಗಡೆಗೆ ಬರ್ತಾ ಬರ್ತಾ 16, 8, 4, 2, ಕೊನೆಗೆ ಒಂದೇ ಒಂದು. ಸ್ಕೆಚ್ ಪೆನ್ನಲ್ಲಿ ಗೆರೆ ಎಷ್ಟು ನೀಟಾಗಿ ಬಂದಿದೆ ಅಂತ ಹೋದ ವರ್ಷ ಎಲ್ಲರೂ ಹೊಗಳಿದ್ರು. ಬರೆದಿದ್ದು ನಾನೇ. ಅದಕ್ಕೇ ಈ ಜಗಳ ಮೊದಲು ನನ್ನ ಜೊತೆಗೇ ಶುರು ಮಾಡ್ತೀನಿ. ಆಮೇಲೆ ನಿಮ್ಮ ಜೊತೆ.

ಆ ದಿನ ಫಸ್ಟ್ ಪಿಯುಸಿ ಹುಡುಗ ಒಬ್ಬ ಬಂದಿದ್ದ. ಹಳ್ಳಿಯಿಂದ ಎರಡು ಬಸ್ ಬದಲಾಯಿಸ್ಕೊಂಡು. ನಮಗಾದ್ರೆ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದ್ರೆ ಟಿಕೆಟ್ ಫ್ರೀ. ಅವನು ಹೋಗೋಕೂ ಬರೋಕೂ ದುಡ್ಡು ಕೊಡ್ಬೇಕು. ಮೇಲೆ ಎಂಟ್ರಿ ಫೀಸು ಐವತ್ತು ರೂಪಾಯಿ. ಚೀಟಿ ಎತ್ತಿದಾಗ ಅವನಿಗೆ ಎದುರಾಗಿದ್ದು ಯಾರು ಗೊತ್ತಾ? ಸಂಜೆ ಕಪ್ ಎತ್ತಿದ ಹುಡುಗನೇ.

ಹನ್ನೊಂದು ನಿಮಿಷ. ಕುದುರೆ ಹೋಯ್ತು, ರಾಣಿ ಹೋಯ್ತು, ಆಟ ಮುಗೀತು. ಅವನು ಸೀದಾ ನನ್ನ ಹತ್ರ ಬಂದು "ಅಕ್ಕಾ, ನನ್ನ ಮುಂದಿನ ರೌಂಡ್ ಯಾವಾಗ?" ಅಂತ ಕೇಳ್ದ. ಸೋತರೆ ಮುಂದಿನ ರೌಂಡೇ ಇರಲ್ಲ ಅನ್ನೋದು ಅವನಿಗೆ ಗೊತ್ತೇ ಇರ್ಲಿಲ್ಲ. ನಾನು ಚಾರ್ಟ್ ಕಡೆ ಕೈ ತೋರಿಸಿ "ನಿಂದು ಮುಗೀತಪ್ಪ" ಅಂದೆ. ಟೈಮು ಹತ್ತೂವರೆ ಕೂಡ ಆಗಿರ್ಲಿಲ್ಲ.

ಅದಕ್ಕೂ ಮುಂಚೆ ಚೀಫ್ ಗೆಸ್ಟ್ ಭಾಷಣ ನಡೆದಿತ್ತು. ನಲವತ್ತು ನಿಮಿಷ. "ಸೋಲೇ ಗೆಲುವಿನ ಮೆಟ್ಟಿಲು" ಅಂತ ಹೇಳಿದ್ರು. ಸೋತ ಹದಿನಾರು ಜನಕ್ಕೆ ಆ ಮೆಟ್ಟಿಲು ಸೀದಾ ಬಸ್ ಸ್ಟ್ಯಾಂಡಿಗೆ ಇಳೀತು.

2/8

ನಾವು ಬಿಕಾಂನೋರು. ಭಾವನೆ ಪಕ್ಕಕ್ಕಿಡಿ, ಲೆಕ್ಕ ಮಾಡೋಣ.

32 ಜನ, ನಾಕೌಟ್. ಪ್ರತಿ ಆಟದಲ್ಲೂ ಒಬ್ಬ ಔಟ್. ಒಬ್ಬನೇ ಉಳಿಯೋಕೆ 31 ಜನ ಔಟ್ ಆಗ್ಬೇಕು, ಅಂದ್ರೆ ಒಟ್ಟು 31 ಆಟ. ಅದರಲ್ಲಿ 16 ಜನ ಆಡೋದು ಒಂದೇ ಆಟ. 8 ಜನ ಎರಡು. 4 ಜನ ಮೂರು. ಇಬ್ಬರು ನಾಲ್ಕು. ಫೈನಲ್ ಆಡೋ ಇಬ್ಬರು ಮಾತ್ರ ಐದು. ಸರಾಸರಿ ತೆಗೆದ್ರೆ ತಲೆಗೆ ಎರಡು ಆಟಾನೂ ಬರಲ್ಲ. ಆದ್ರೆ ಫೀಸು? ಎಲ್ಲರಿಗೂ ಒಂದೇ, ಐವತ್ತು.

ಅಂದ್ರೆ ಫೈನಲ್ ಆಡಿದೋನಿಗೆ ಒಂದು ಆಟಕ್ಕೆ ಹತ್ತು ರೂಪಾಯಿ ಬಿತ್ತು. ಹಳ್ಳಿಯಿಂದ ಬಂದು ಹನ್ನೊಂದು ನಿಮಿಷ ಕೂತೋನಿಗೆ ಒಂದು ಆಟಕ್ಕೆ ಐವತ್ತು, ಬಸ್ ಚಾರ್ಜು ಬೇರೆ. ಚೆನ್ನಾಗಿ ಆಡೋಕೆ ಬರೋನ ಆಟಕ್ಕೆ, ಇನ್ನೂ ಕಲೀತಿರೋನು ದುಡ್ಡು ಕಟ್ಟಿದ ಹಾಗಾಯ್ತು. ಯಾವ ಅಂಗಡೀಲಾದ್ರೂ ಹೀಗೆ ವ್ಯಾಪಾರ ಮಾಡಿದ್ರೆ ನಾವು ಸುಮ್ನೆ ಇರ್ತೀವಾ? ಬಂಗಾರಪೇಟೆ ಪಾನಿಪುರಿ ಗಾಡೀಲಿ ಒಂದೇ ದುಡ್ಡಿಗೆ ಒಬ್ಬನಿಗೆ ಐದು ಪೂರಿ, ಇನ್ನೊಬ್ಬನಿಗೆ ಒಂದು ಅಂದ್ರೆ ಅಲ್ಲೇ ಗಲಾಟೆ ಆಗುತ್ತೆ. ಚೆಸ್ ಬೋರ್ಡ್ ಮುಂದೆ ಮಾತ್ರ ನಾವೆಲ್ಲ ತಲೆ ಬಗ್ಗಿಸ್ಕೊಂಡು ಎದ್ದು ಹೋಗ್ತೀವಿ. ಯಾಕಂದ್ರೆ "ಸೋತ್ನಲ್ಲ, ನಂದೇ ತಪ್ಪು" ಅನ್ಸುತ್ತೆ.

ಸೋತಿದ್ದು ನಿನ್ನ ತಪ್ಪಿರಬಹುದು. ಮನೆಗೆ ಕಳಿಸಿದ್ದು ನಮ್ಮ ತಪ್ಪು.

3/8

ಈಗ ಬರುತ್ತೆ ದೊಡ್ಡ ನೆಪ: "ಟೈಮ್ ಇಲ್ಲ. ಎಲ್ಲರನ್ನೂ ಎಲ್ಲರ ಜೊತೆ ಆಡಿಸೋಕಾಗುತ್ತಾ?"

ಆಗಲ್ಲ, ಒಪ್ತೀನಿ. 32 ಜನ ಎಲ್ಲರೂ ಎಲ್ಲರ ಜೊತೆ ಆಡಿದ್ರೆ 496 ಆಟ, 31 ರೌಂಡು. ಅದು ಮದುವೆ ಛತ್ರ ಒಂದು ವಾರ ಬುಕ್ ಮಾಡೋ ಕೆಲಸ. ಆದ್ರೆ ಎರಡರ ಮಧ್ಯೆ ಒಂದು ದಾರಿ ಇದೆ. ಹೊಸದೇನಲ್ಲ, 1895ರಲ್ಲೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಶುರುವಾಗಿದ್ದು. ಅದಕ್ಕೇ ಅದಕ್ಕೆ ಸ್ವಿಸ್ ಪದ್ಧತಿ ಅಂತ ಹೆಸರು.

ಅದರ ಮುಖ್ಯ ನಿಯಮ ಬೆರಳಲ್ಲಿ ಎಣಿಸಬಹುದು.
• ಯಾರೂ ಔಟ್ ಆಗಲ್ಲ. ಎಲ್ಲರೂ ಎಲ್ಲ ರೌಂಡೂ ಆಡ್ತಾರೆ.
• ಗೆದ್ರೆ 1, ಡ್ರಾ ಆದ್ರೆ ಅರ್ಧ, ಸೋತ್ರೆ 0.
• ಪ್ರತಿ ರೌಂಡಲ್ಲೂ ಹೆಚ್ಚುಕಮ್ಮಿ ಒಂದೇ ಪಾಯಿಂಟ್ ಇರೋರು ಎದುರುಬದುರು. ಗೆದ್ದೋರಿಗೆ ಗೆದ್ದೋರು, ಸೋತೋರಿಗೆ ಸೋತೋರು.
• ಒಂದ್ಸಲ ಆಡಿದ ಜೋಡಿ ಮತ್ತೆ ಆಡಂಗಿಲ್ಲ.
• ಬಿಳಿ ಕಾಯಿ, ಕಪ್ಪು ಕಾಯಿ ಆದಷ್ಟು ಅದಲುಬದಲು ಆಗ್ಬೇಕು.

ಈಗ ಕೇಳಿ. 32 ಜನರ ನಾಕೌಟ್‌ಗೆ ಎಷ್ಟು ರೌಂಡು? ಐದು. 32 ಜನರ ಸ್ವಿಸ್‌ಗೆ ಎಷ್ಟು ರೌಂಡ್ ಸಾಕು? ಅದೇ ಐದು! ಐದಕ್ಕೆ ಐದೂ ಗೆದ್ದೋರು ಇದ್ರೆ ಅದು ಒಬ್ಬರೇ ಆಗಿರೋಕೆ ಸಾಧ್ಯ. ಎರಡರಲ್ಲೂ ಮೊದಲನೇ ರೌಂಡಿಗೆ ಬೇಕಾಗೋದು 16 ಬೋರ್ಡು. ಟೈಮೂ ಅದೇ, ಬೋರ್ಡೂ ಅದೇ, ಹಾಲೂ ಅದೇ. ನಾಕೌಟಲ್ಲಿ 31 ಆಟ, ಸ್ವಿಸ್‌ನಲ್ಲಿ 80 ಆಟ.

ಅಂದ್ರೆ ನಾಕೌಟ್ ಮಾಡಿದಾಗ ಟೈಮ್ ಉಳಿಯಲ್ಲ ಗುರೂ. ಬೋರ್ಡ್ ಖಾಲಿ ಬಿದ್ದಿರುತ್ತೆ, ಅಷ್ಟೇ. ಎರಡನೇ ಫೋಟೋ ನೋಡಿ: ಹೋದ ವರ್ಷ ಮಧ್ಯಾಹ್ನ, ಸೆಮಿಫೈನಲ್ ಟೈಮು. ಎರಡು ಬೋರ್ಡಲ್ಲಿ ಆಟ, ಹದಿನಾಲ್ಕು ಬೋರ್ಡು ಡಬ್ಬದೊಳಗೆ.

4/8

"ಸರಿ, ಆದ್ರೆ ನಾಕೌಟಲ್ಲಿ ನಿಜವಾಗ್ಲೂ ಚೆನ್ನಾಗಿ ಆಡೋರು ಗೆಲ್ತಾರಲ್ಲ, ಅದೇ ತಾನೇ ಬೇಕಾಗಿರೋದು?"

ಫಸ್ಟ್ ಪ್ರೈಜು ಬಿಡಿ. ಸೆಕೆಂಡ್ ಪ್ರೈಜಿನ ಕಥೆ ಕೇಳಿ. 32 ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡೋ ಒಬ್ಬಳು ಇದಾಳೆ, ಅವಳ ನಂತರ ನೀನೇ ಬೆಸ್ಟ್ ಅನ್ಕೋ. ಚೀಟಿ ಎತ್ತಿದಾಗ ನೀನು ಚಾರ್ಟಿನ ಅವಳ ಕಡೆ ಅರ್ಧಕ್ಕೆ ಬಿದ್ರೆ ಫೈನಲ್‌ಗೆ ಮುಂಚೆನೇ ಅವಳ ಕೈಲಿ ಔಟ್. ಇನ್ನೊಂದು ಅರ್ಧಕ್ಕೆ ಬಿದ್ರೆ ಮಾತ್ರ ಫೈನಲ್. ಉಳಿದ 31 ಜಾಗದಲ್ಲಿ ಆ ಕಡೆ ಇರೋದು 16. ಅಂದ್ರೆ ನೀನು ಎಷ್ಟೇ ಚೆನ್ನಾಗಿ ಆಡಿದ್ರೂ ನಿನಗೆ ಸಿಗಬೇಕಾದ ಸೆಕೆಂಡ್ ಪ್ರೈಜ್ ಸಿಗೋ ಸಾಧ್ಯತೆ 31ಕ್ಕೆ 16. ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ.

ಇದನ್ನ ಕಂಡುಹಿಡಿದಿದ್ದು ನಾನಲ್ಲ. "ಆಲಿಸ್ ಇನ್ ವಂಡರ್‌ಲ್ಯಾಂಡ್" ಬರೆದ ಲೂಯಿಸ್ ಕ್ಯಾರಲ್ ಗಣಿತದ ಮೇಷ್ಟ್ರು. ಇಂಗ್ಲೆಂಡಿನ ಟೆನಿಸ್ ಪಂದ್ಯಗಳಲ್ಲಿ ಬಹುಮಾನ ಕೊಡೋ ರೀತಿನೇ ತಪ್ಪು ಅಂತ 1883ರಲ್ಲೇ ಲೆಕ್ಕ ಸಮೇತ ಒಂದು ಪುಟ್ಟ ಪುಸ್ತಕ ಬರೆದ್ರು. 140 ವರ್ಷದ ಮೇಲಾಯ್ತು. ನಾವಿನ್ನೂ ಅದೇ ಚಾರ್ಟ್ ಬರೀತಿದೀವಿ, ಸ್ಕೆಚ್ ಪೆನ್ ಮಾತ್ರ ಹೊಸದು.

ಇನ್ನು ಕೆಲವರು ತಿಳ್ಕೊಂಡಿರೋರ ಥರ ಬರ್ತಾರೆ: "ಚೆಸ್ ವರ್ಲ್ಡ್ ಕಪ್ಪೇ ನಾಕೌಟು. 2023ರಲ್ಲಿ ಪ್ರಜ್ಞಾನಂದ ಫೈನಲ್ ತನಕ ಹೋಗಿದ್ದು ಹಾಗೇ ತಾನೇ?" ಹೌದು. ಆದ್ರೆ ಅಲ್ಲಿ ಒಂದು ರೌಂಡ್ ಅಂದ್ರೆ ಒಂದೇ ಆಟ ಅಲ್ಲ. ಒಂದು ಬಿಳಿಯಲ್ಲಿ, ಒಂದು ಕಪ್ಪಲ್ಲಿ, ಎರಡು ಆಟ. ಸಮ ಬಂದ್ರೆ ಟೈಬ್ರೇಕ್ ಬೇರೆ. ನಮ್ಮಲ್ಲಿ ಒಂದೇ ಆಟ, ಬಿಳಿ ಯಾರಿಗೆ ಅನ್ನೋದೂ ಟಾಸು. ಮೊದಲು ನಡೆಸೋ ಬಿಳಿಗೆ ಸ್ವಲ್ಪ ಲಾಭ ಇದೆ ಅಂತ ಚೆಸ್ ಆಡೋರಿಗೆಲ್ಲ ಗೊತ್ತು.

ಮತ್ತೆ ಚೆಸ್ ಒಲಿಂಪಿಯಾಡ್ ಹೇಗೆ ನಡೆಯುತ್ತೆ? 2022ರಲ್ಲಿ ಪಕ್ಕದ ತಮಿಳುನಾಡಿನ ಮಾಮಲ್ಲಪುರಂನಲ್ಲಿ ಆಯ್ತಲ್ಲ, ಅದು 11 ರೌಂಡ್ ಸ್ವಿಸ್. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಎರಡೂ ಚಿನ್ನ ತಂದಿದ್ದು 11 ರೌಂಡ್ ಸ್ವಿಸ್ ಆಡಿಯೇ. ಅಲ್ಲಿ ಮೊದಲನೇ ರೌಂಡ್ ಸೋತ ದೇಶಾನ ಯಾರೂ ಏರ್‌ಪೋರ್ಟಿಗೆ ಕಳಿಸಲ್ಲ.

5/8

"ಸ್ವಿಸ್ ಎಲ್ಲಾ ಕಷ್ಟ, ಸಾಫ್ಟ್‌ವೇರ್ ಬೇಕು, ಆರ್ಬಿಟರ್ ಬೇಕು, ಬೆಂಗಳೂರಿನೋರಿಗೆ ಮಾತ್ರ ಆಗುತ್ತೆ."

ಈ ಮಾತು ಕೇಳಿದ್ರೆ ನನಗೆ ಉರಿಯುತ್ತೆ. ನಮ್ಮೂರ ಬೇತಮಂಗಲ ಕೆರೆ ನೀರು ಕೆಜಿಎಫ್ ಗಣಿಗೆ ಹೋಯ್ತು. ಬೆಳಗಾದ್ರೆ ಬಂಗಾರಪೇಟೆಯಿಂದ ರೈಲು ತುಂಬ ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹೋಗೋದು ಇನ್ನೂ ಜಾಸ್ತಿ ಆಯ್ತು. ಇಲ್ಲಿಂದ ಎಲ್ಲರೂ ಎಲ್ಲಿಗೋ ಹೋಗೋರೇ. ಒಂದು ಭಾನುವಾರ ಇಲ್ಲಿಗೇ ಬಂದೋರನ್ನೂ ಹತ್ತೂವರೆಗೆ ವಾಪಸ್ ಕಳಿಸ್ಬೇಕಾ?

ಅದಕ್ಕೇ ನಾವು ನಾಲ್ಕು ಜನ ಸೇರಿ ಇಲ್ಲೇ ಮಾಡಿದ್ವಿ. ಮೂರರಿಂದ ಆರನೇ ಫೋಟೋ ತನಕ ಅದೇ.

ಜಾಗ: ಒಂದು ಕಲ್ಯಾಣ ಮಂಟಪದ ಊಟದ ಹಾಲು. ಮದುವೆ ಇಲ್ಲದ ದಿನ, ಗುಡಿಸಿ ಒರೆಸಿ ಕೊಡ್ತೀವಿ ಅಂದಿದ್ದಕ್ಕೆ ಬಾಡಿಗೆ ಇಲ್ಲ. ಸಾಲು ಟೇಬಲ್ಲು, ಸಾಲು ಕುರ್ಚಿ. ಚೆಸ್‌ಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ.

ಜನ: 27. ಇಪ್ಪತ್ತೇಳು ಬೆಸ ಸಂಖ್ಯೆ, ಹಾಗಾಗಿ ಪ್ರತಿ ರೌಂಡಲ್ಲೂ ಒಬ್ಬರಿಗೆ ಎದುರಾಳಿ ಇರಲ್ಲ. ಅದಕ್ಕೆ ಬೈ ಅಂತಾರೆ, ಒಂದು ಪಾಯಿಂಟ್ ಫ್ರೀ. ಕಮ್ಮಿ ಪಾಯಿಂಟ್ ಇರೋರಿಗೆ ಕೊಡ್ಬೇಕು, ಒಬ್ಬರಿಗೆ ಒಂದೇ ಸಲ.

ಜೋಡಿ: ಚೆನ್ನಾಗಿ ಆಡೋರಿಂದ ಹೊಸಬರ ತನಕ 1ರಿಂದ 27 ನಂಬರ್ ಹಾಕಿದ್ವಿ. ಮೊದಲನೇ ರೌಂಡು ಮೇಲಿನ ಅರ್ಧಕ್ಕೆ ಕೆಳಗಿನ ಅರ್ಧ: 1ಕ್ಕೆ 14, 2ಕ್ಕೆ 15, ಹೀಗೆ 13ಕ್ಕೆ 26. 27ಕ್ಕೆ ಬೈ. ಆಮೇಲೆ ಪಾಯಿಂಟ್ ನೋಡ್ಕೊಂಡು.

ಸಾಫ್ಟ್‌ವೇರ್: ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಹೆಸರು, ಯಾರ ಜೊತೆ ಆಡಿದ್ರು, ಯಾವ ಬಣ್ಣ, ಎಷ್ಟು ಪಾಯಿಂಟ್. ರೌಂಡ್ ಮುಗಿದ ಮೇಲೆ ಇಸ್ಪೀಟ್ ಎಲೆ ಥರ ಪಾಯಿಂಟ್ ಪ್ರಕಾರ ಜೋಡಿಸ್ಕೊಂಡು ಎರಡೆರಡು ಎತ್ತೋದು. ಅಷ್ಟೇ!

ಟೈಮು: ತಲೆಗೆ 15 ನಿಮಿಷ, ಅಂದ್ರೆ ಒಂದು ಆಟ ಜಾಸ್ತಿ ಅಂದ್ರೆ ಅರ್ಧ ಗಂಟೆ. ಜೋಡಿ ಹಾಕೋಕೆ ಹದಿನೈದು ನಿಮಿಷ. ರೌಂಡಿಗೆ ಮುಕ್ಕಾಲು ಗಂಟೆ, ಐದು ರೌಂಡಿಗೆ ಮೂರೂಮುಕ್ಕಾಲು ಗಂಟೆ. ಚೆಸ್ ಕ್ಲಾಕ್ ಇರ್ಲಿಲ್ಲ. ಬೋರ್ಡಿಗೊಂದು ಫೋನು, ಕ್ಲಾಕ್ ಆಪ್ ಹಾಕಿ, ಫ್ಲೈಟ್ ಮೋಡಲ್ಲಿ, ಟೇಬಲ್ ಮೇಲೆ ಎಲ್ಲರಿಗೂ ಕಾಣೋ ಹಾಗೆ. ಬೇರೆ ಫೋನೆಲ್ಲ ಬುಟ್ಟಿಯಲ್ಲಿ.

ನಿಯಮ: ಆಟ ಶುರುವಾಗೋಕೆ ಮುಂಚೆನೇ ಹೇಳ್ಬಿಟ್ವಿ. ಮುಟ್ಟಿದ ಕಾಯಿ ನಡೆಸ್ಲೇಬೇಕು. ಸರಿಯಾಗಿ ಇಡ್ಬೇಕಂದ್ರೆ ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಮುಟ್ಟಿ. ಕನ್ನಡದಲ್ಲಿ ಒಂದ್ಸಲ, ತೆಲುಗಲ್ಲಿ ಒಂದ್ಸಲ, ಕೆಜಿಎಫ್‌ನೋರಿಗೆ ತಮಿಳಲ್ಲಿ ಒಂದ್ಸಲ. ಭಾಷಣ ಅಂತ ಆಗಿದ್ದು ಇಷ್ಟೇ. ಒಟ್ಟು ಆರು ನಿಮಿಷ.

6/8

ಎಲ್ಲಾ ಸಲೀಸಾಗಿ ಆಯ್ತು ಅಂದ್ರೆ ಸುಳ್ಳಾಗುತ್ತೆ. ಎಲ್ಲಿ ಎಡವಿದ್ವಿ ಅಂತ ಹೇಳ್ತೀನಿ, ನೀವು ಅದೇ ಕಡೆ ಎಡವ್ಬೇಡಿ.

ಒಂದು. ಒಂಬತ್ತೂಮುಕ್ಕಾಲಿಗೆ ಶುರು ಅಂತ ಹಾಕಿದ್ವಿ, ಶುರುವಾಗಿದ್ದು ಹತ್ತೂ ನಲವತ್ತಕ್ಕೆ. ಬಸ್ ಟೈಮ್ ನೋಡದೆ ಟೈಮ್ ಹಾಕಿದ್ದು ನಾವು. ಬಸ್ಸಿಗೆ ಬೈದು ಏನು ಪ್ರಯೋಜನ?

ಎರಡು. ಮೂರನೇ ರೌಂಡಲ್ಲಿ, ಮೊದಲನೇ ರೌಂಡಲ್ಲೇ ಆಡಿದ್ದ ಇಬ್ಬರನ್ನ ಮತ್ತೆ ಜೋಡಿ ಹಾಕ್ಬಿಟ್ಟೆ. ಅವರೇ ಬಂದು "ಅಕ್ಕಾ, ನಾವು ಆಗ್ಲೇ ಆಡಿದೀವಿ" ಅಂದ್ರು. ಪಕ್ಕದ ಜೋಡಿ ಬಿಚ್ಚಿ ಬದಲಾಯಿಸೋಕೆ ಹತ್ತು ನಿಮಿಷ. ಕಾರ್ಡ್ ಎತ್ತುವಾಗ ಇಬ್ಬರು ನೋಡ್ಬೇಕು: ಒಬ್ಬರು ಎತ್ತೋಕೆ, ಒಬ್ಬರು ಹಳೇ ಎದುರಾಳಿ ಹೆಸರು ನೋಡೋಕೆ.

ಮೂರು. ಇದು ಬಿಕಾಂನೋರಿಗೆ ಖುಷಿ ಕೊಡೋ ವಿಷಯ. ಪ್ರತಿ ರೌಂಡಲ್ಲೂ ಹಂಚೋ ಪಾಯಿಂಟ್ ಎಷ್ಟು? 13 ಬೋರ್ಡಿಗೆ 13, ಬೈಗೆ 1, ಒಟ್ಟು 14. ಹಾಗಾದ್ರೆ ಮೂರು ರೌಂಡ್ ಆದ್ಮೇಲೆ ಎಲ್ಲರ ಪಾಯಿಂಟ್ ಕೂಡಿದ್ರೆ 42 ಬರ್ಬೇಕು. ನಮಗೆ ಬಂದಿದ್ದು ನಲವತ್ತೊಂದೂವರೆ! ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ. ಕಾರ್ಡೆಲ್ಲ ಹರಡಿ ಹುಡುಕಿದ್ವಿ. ಒಂದು ಡ್ರಾ ಆಟದಲ್ಲಿ ಒಬ್ಬಳಿಗೆ ಅರ್ಧ ಬರೆದು, ಇನ್ನೊಬ್ಬನ ಕಾರ್ಡಲ್ಲಿ ಸೊನ್ನೆ ಬರೆದಿದ್ವಿ. ಆ ಅರ್ಧ ಪಾಯಿಂಟ್ ಅವನಿಗೆ ವಾಪಸ್ ಕೊಟ್ವಿ. ಕೂಡಿ ನೋಡದೆ ಹೋಗಿದ್ರೆ ಅವನಿಗೂ ಗೊತ್ತಾಗ್ತಿರ್ಲಿಲ್ಲ, ನಮಗೂ ಗೊತ್ತಾಗ್ತಿರ್ಲಿಲ್ಲ. ಡೆಬಿಟ್ಟು ಕ್ರೆಡಿಟ್ಟು ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳ್ತಿದ್ರಲ್ಲ, ತಗೊಳ್ಳಿ.

ನಾಲ್ಕು. ಕೊನೆಗೆ ಇಬ್ಬರು ನಾಲ್ಕು ನಾಲ್ಕು ಪಾಯಿಂಟಲ್ಲಿ ಸಮ ನಿಂತ್ರು. ಸೆಕೆಂಡ್ ಯಾರು? ಅವರವರ ಎದುರಾಳಿಗಳು ಒಟ್ಟು ಎಷ್ಟು ಪಾಯಿಂಟ್ ಮಾಡಿದಾರೆ ಅಂತ ಕೂಡಿದ್ವಿ. ಗಟ್ಟಿ ಎದುರಾಳಿಗಳ ಜೊತೆ ಆಡಿದೋರಿಗೆ ಜಾಸ್ತಿ ಬರುತ್ತೆ. ಇದಕ್ಕೆ ಬುಕ್‌ಹೋಲ್ಜ್ ಟೈಬ್ರೇಕ್ ಅಂತ ಹೆಸರು. ಆದ್ರೆ ಇದನ್ನ ಬೆಳಗ್ಗೆನೇ ಹೇಳಿರ್ಲಿಲ್ಲ. ಥರ್ಡ್ ಬಂದ ಹುಡುಗಿ "ಈಗ ಹೊಸ ರೂಲ್ ತಂದ್ರಾ?" ಅಂದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ಟೈಬ್ರೇಕ್ ಏನು ಅಂತ ಮೊದಲನೇ ಕಾಯಿ ನಡೆಸೋಕೆ ಮುಂಚೆ ಗೋಡೆ ಮೇಲೆ ಇರ್ಬೇಕು.

7/8

ಲೆಕ್ಕ. ಯಾರೂ ಕೇಳಿಲ್ಲ, ಆದ್ರೂ ಕೊಡ್ತೀನಿ. ಯಾಕಂದ್ರೆ ಎಂಟ್ರಿ ಫೀಸ್ ತಗೊಂಡೋರು ಲೆಕ್ಕ ಕೊಡ್ಬೇಕು.

ಬಂದಿದ್ದು: 27 × 50 = ₹1350.
ಹೋಗಿದ್ದು: ಚಿತ್ರಾನ್ನ, ಮಜ್ಜಿಗೆ ಸಾಮಾನು ₹620. ನೀರಿನ ಕ್ಯಾನು 3ಕ್ಕೆ ₹90. ಕಾರ್ಡು, ಜೆರಾಕ್ಸು ₹60. ಫಸ್ಟ್ ಪ್ರೈಜ್ ಒಂದು ಚೆಸ್ ಸೆಟ್ಟು ₹400. ಒಟ್ಟು ₹1170.
ಉಳಿದಿದ್ದು: ₹180. ಮುಂದಿನ ಸಲಕ್ಕೆ.

ಬೋರ್ಡು 13 ಬೇಕಿತ್ತು. ನಮ್ಮ ಹತ್ರ ಒಂಬತ್ತು ಇತ್ತು, ಉಳಿದಿದ್ದು ಆಡೋಕೆ ಬಂದೋರೇ ತಂದ್ರು. ಶಾಲು ಇಲ್ಲ, ಹಾರ ಇಲ್ಲ, ಆಳೆತ್ತರದ ಟ್ರೋಫಿ ಇಲ್ಲ, ಫ್ಲೆಕ್ಸ್ ಇಲ್ಲ. ಸೆಕೆಂಡು, ಥರ್ಡಿಗೆ ಬರೀ ಚಪ್ಪಾಳೆ. ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ. ಎಲ್ಲರೂ ಹೊಟ್ಟೆ ತುಂಬ ಆಡಿದ್ರು.

"ಸೋತೋರು ಹೇಗಿದ್ರೂ ಮಧ್ಯದಲ್ಲೇ ಎದ್ದು ಹೋಗ್ತಾರೆ" ಅಂತ ನನಗೆ ಹೇಳಿದೋರೇ ಜಾಸ್ತಿ. ಕೊನೇ ರೌಂಡಿಗೆ ಉಳಿದಿದ್ದು 27ರಲ್ಲಿ 24 ಜನ. ಹೋದ ಮೂರು ಜನದಲ್ಲಿ ಇಬ್ಬರು ಬಸ್ಸಿಗೆ ಅಂತ ಹೇಳಿ ಹೋದ್ರು. ಮೊದಲ ಎರಡು ರೌಂಡೂ ಸೋತಿದ್ದ ಇಬ್ಬರು ಮೂರನೇ ರೌಂಡಲ್ಲಿ ಎದುರುಬದುರು ಕೂತ್ರು. ಆ ಬೋರ್ಡ್ ಸುತ್ತ ಸೇರಿದಷ್ಟು ಜನ ಒಂದನೇ ಬೋರ್ಡ್ ಹತ್ರಾನೂ ಇರ್ಲಿಲ್ಲ. ಒಂಟೆ ಬಲಿ ಕೊಟ್ಟು ಮೇಟ್ ಮಾಡೋಕೆ ಹೋಗಿ, ಮೇಟ್ ಆಗ್ದೆ, ಇಬ್ಬರ ಟೈಮೂ ಮುಗೀತಾ ಬಂದು... ಕೊನೆಗೆ ಯಾರೋ ಒಬ್ಬರು ಗೆದ್ರು. ಸೋತೋನು ನಗ್ತಾ ಎದ್ದ. ಯಾಕಂದ್ರೆ ಅವನಿಗೆ ಇನ್ನೂ ಎರಡು ರೌಂಡ್ ಬಾಕಿ ಇತ್ತು.

ಹಾಗೇ ಇನ್ನೊಂದು ಮಾತು. "ಚೆಸ್ ಎಲ್ಲ ನಮ್ಮಂಥ ಊರಿಗಲ್ಲ" ಅನ್ನೋರಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಲ್ಲಿ ಕೂತು ಹೊಸ ಹೊಸ ಮಣೆ ಆಟಗಳನ್ನೇ ಕಟ್ಟಿದ್ರು, ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಆಟಗಳದ್ದೇ ವಿವರ. ರಾಜರ ಕಥೆ ಬಿಡಿ, ನಿಮ್ಮಜ್ಜಿ ಹತ್ರ ಆಡು ಹುಲಿ ಆಡಿ ನೋಡಿ. ಹುಲಿ ಕಟ್ಟಿ ಹಾಕೋದು ಹೇಗೆ ಅಂತ ಅವರು ಕಲಿಸ್ತಾರೆ. ಒಂದ್ಸಲ ಸೋತರೆ ಅಜ್ಜಿ "ನೀನು ಔಟು, ಎದ್ದೋಗು" ಅನ್ನಲ್ಲ. "ಇನ್ನೊಂದಾಟ ಆಡು ಬಾ" ಅಂತಾರೆ. ಸ್ವಿಸ್ ಪದ್ಧತಿಗೂ ಅಜ್ಜಿ ಪದ್ಧತಿಗೂ ಜಾಸ್ತಿ ವ್ಯತ್ಯಾಸ ಇಲ್ಲ.

8/8

ಕೊನೇ ಫೋಟೋದಲ್ಲಿ ಏನೂ ಇಲ್ಲ. ಒಂದು ಖಾಲಿ ಕುರ್ಚಿ.

ನಮ್ಮ ಟೂರ್ನಮೆಂಟಿಗೆ ನಾನು ಮೊದಲು ಮೆಸೇಜ್ ಮಾಡಿದ್ದು ಆ ಫಸ್ಟ್ ಪಿಯುಸಿ ಹುಡುಗನಿಗೆ. ಹಳೇ ಎಂಟ್ರಿ ಲಿಸ್ಟಲ್ಲಿ ನಂಬರ್ ಇತ್ತು. "ಈ ಸಲ ಐದು ರೌಂಡ್ ಗ್ಯಾರಂಟಿ, ಊಟನೂ ಇದೆ, ಬಾ" ಅಂದೆ. ಅವನು ಸಂಜೆ ಉತ್ತರ ಕಳಿಸ್ದ: "ಬೇಡ ಅಕ್ಕ. ಹೋದ್ಸಲ ಅಷ್ಟು ಬೇಗ ವಾಪಸ್ ಬಂದಿದ್ದಕ್ಕೆ ಮನೇಲಿ ನಗಾಡಿದ್ರು. ಈಗ ಆಡ್ತಾ ಇಲ್ಲ."

ನಾನು ಎರಡು ಸಲ ಕೇಳ್ದೆ. ಬರ್ಲಿಲ್ಲ.

ಇಷ್ಟೆಲ್ಲ ಲೆಕ್ಕ ಹೇಳಿದ್ದು ಈ ಒಂದು ಉತ್ತರಕ್ಕೋಸ್ಕರ. 31 ಆಟ, 80 ಆಟ, 31ಕ್ಕೆ 16, ಇವೆಲ್ಲ ತಲೆಗೆ ಹೋಗದಿದ್ರೂ ಪರವಾಗಿಲ್ಲ. ಇದೊಂದು ನೆನಪಿಟ್ಕೊಳ್ಳಿ: ನಾನು ಬರೆದ ಆ ನೀಟಾದ ಚಾರ್ಟಿಂದ ಒಬ್ಬ ಹುಡುಗ ಚೆಸ್ ಬಿಟ್ಟ. ಅವನು ದೊಡ್ಡ ಆಟಗಾರ ಆಗ್ತಿದ್ದ ಅಂತ ನಾನು ಹೇಳ್ತಿಲ್ಲ. ಗುಕೇಶ್ 18ಕ್ಕೆ ವರ್ಲ್ಡ್ ಚಾಂಪಿಯನ್ ಆದ ಅಂತ ನಾವೆಲ್ಲ ಸ್ಟೋರಿ ಹಾಕಿದ್ವಿ. ಆದ್ರೆ ಎಲ್ಲರೂ ಗುಕೇಶ್ ಆಗೋಕೆ ಚೆಸ್ ಆಡಲ್ಲ. ಭಾನುವಾರ ನಾಲ್ಕು ಜನರ ಮಧ್ಯೆ ಕೂತು ಯೋಚನೆ ಮಾಡೋಕೂ ಆಡ್ತಾರೆ. ಅಷ್ಟು ಸಿಗ್ಬೇಕಿತ್ತು ಅವನಿಗೆ. ನಾವು ಕೊಟ್ಟಿದ್ದು ಹನ್ನೊಂದು ನಿಮಿಷ.

ಈಗ ನಿಮಗೆ. ಫೆಸ್ಟ್ ಸೀಸನ್ ಬರ್ತಿದೆ. ನಿಮ್ಮ ಕಾಲೇಜಿನ ಸ್ಪೋರ್ಟ್ಸ್ ಕಮಿಟೀಲಿ ನೀವೇ ಇರ್ತೀರ, ಇಲ್ಲ ನಿಮ್ಮ ಫ್ರೆಂಡ್ ಇರ್ತಾನೆ. ಚೆಸ್ ಅಂತ ಪೋಸ್ಟರ್ ಬಂದ ತಕ್ಷಣ ಒಂದೇ ಪ್ರಶ್ನೆ ಕೇಳಿ: "ಮೊದಲನೇ ಆಟ ಸೋತ್ರೆ ನನಗೆ ಎರಡನೇ ಆಟ ಇದೆಯಾ?" ಇಲ್ಲ ಅಂದ್ರೆ ಫೀಸ್ ಕಟ್ಟಬೇಡಿ. ಹತ್ತು ಜನ ಕೇಳಿದ್ರೆ ಸಾಕು, ಚಾರ್ಟ್ ತಾನಾಗೇ ಬದಲಾಗುತ್ತೆ.

ಕಮಿಟೀಲಿ ಇರೋರಿಗೆ: ನಮ್ಮ ಕಾರ್ಡಿನ ಮಾದರಿ ಹೈಲೈಟ್ಸಲ್ಲಿ ಹಾಕಿದೀನಿ, ಜೆರಾಕ್ಸ್ ಮಾಡ್ಕೊಳ್ಳಿ. ಜೋಡಿ ಹಾಕೋಕೆ ಬರ್ಲಿಲ್ಲ ಅಂದ್ರೆ ಮೆಸೇಜ್ ಮಾಡಿ, ಕಾರ್ಡ್ ಎತ್ತೋಕೆ ನಾನೇ ಬರ್ತೀನಿ. ನನಗಂತೂ ಟಿಕೆಟ್ ಫ್ರೀ.

ನಾಕೌಟೇ ಸರಿ ಅನ್ನೋರು ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. ಒಂದು ಮಾತಲ್ಲಿ ಸೋತ್ರೆ ಔಟ್ ಮಾಡಲ್ಲ. ಐದು ರೌಂಡ್ ಇದೆ.

#ಬೇತಮಂಗಲ #ಕೆಜಿಎಫ್ #ಬಂಗಾರಪೇಟೆ #ಚೆಸ್ #ಚದುರಂಗ #ಸ್ವಿಸ್_ಮಾಡ್ರೋ #ಬಿಕಾಂ_ಹುಡುಗಿ